ಸಿಗ್ನಲ್ ಕೆಳಗೆ ನಿಂತ ಪೊಲೀಸ್: ಕೈ ಎಲ್ಲಿ ಬೇಕು, ಎಲ್ಲಿ ಬೇಡ

ಸಂಜೆ ಆರೂವರೆ. ನಾಲ್ಕು ರಸ್ತೆ ಕೂಡುವ ವೃತ್ತ. ಕೌಂಟರ್‌ನಲ್ಲಿ ಒಂದೊಂದೇ ಇಳಿಯುತ್ತಿದ್ದ ಅಂಕಿ ಇದ್ದಕ್ಕಿದ್ದಂತೆ ಮಾಯವಾಗಿ ಬರೀ ಕೆಂಪು ಉಳಿಯುತ್ತದೆ. ಬೆಂಗಳೂರಿನ ಬೈಕ್ ಸವಾರರಿಗೆ ಇದರ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಕಂಬದ ಬಳಿಯ ಡಬ್ಬಿಯ ಬಾಗಿಲು ತೆರೆದಿದೆ, ಸಿಗ್ನಲ್ಲನ್ನು ಮ್ಯಾನ್ಯುವಲ್‌ಗೆ ಹಾಕಿದ್ದಾರೆ, ಇನ್ನು ಮೂರು ನಿಮಿಷವೋ ಐದು ನಿಮಿಷವೋ ದೇವರೇ ಬಲ್ಲ. ಒಬ್ಬೊಬ್ಬರಾಗಿ ಇಂಜಿನ್ ಆಫ್ ಮಾಡುತ್ತಾರೆ.

ಇಂಥ ಹೊತ್ತಿನಲ್ಲಿ ಎರಡು ಮಾತು ಕೇಳಿಬರುತ್ತವೆ. ‘ಪೊಲೀಸ್ ಇದ್ದ ಸಿಗ್ನಲ್ಲಲ್ಲೇ ಜಾಮ್ ಜಾಸ್ತಿ’ ಎನ್ನುವುದು ಒಂದು. ‘ಪೊಲೀಸ್ ಇಲ್ಲದಿದ್ದರೆ ಈ ಜನ ಒಬ್ಬರ ಮೇಲೊಬ್ಬರು ಹತ್ತಿಕೊಂಡು ಹೋಗುತ್ತಾರೆ’ ಎನ್ನುವುದು ಇನ್ನೊಂದು. ಎರಡೂ ನಿಜ, ಆದರೆ ಎರಡೂ ಒಂದೇ ಕೆಲಸದ ಬಗ್ಗೆ ಹೇಳಿದ ಮಾತಲ್ಲ. ಜಂಕ್ಷನ್‌ನಲ್ಲಿ ನಿಂತ ಪೊಲೀಸ್ ಮಾಡುವ ಕೆಲಸ ಎರಡು ಬಗೆಯದು. ಗ್ರೀನ್ ಎಷ್ಟು ಹೊತ್ತು ಎಂದು ತೀರ್ಮಾನಿಸುವುದು ಒಂದು ಬಗೆ. ಜಂಕ್ಷನ್ನಿನ ಹೊಟ್ಟೆಯೊಳಗೆ ಗಾಡಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಯಂತ್ರ ಮನುಷ್ಯನಿಗಿಂತ ಚೆನ್ನಾಗಿ ಮಾಡುತ್ತದೆ. ಎರಡನೆಯದನ್ನು ನಮ್ಮ ಸಿಗ್ನಲ್‌ಗಳು ಹೆಚ್ಚುಕಡಿಮೆ ಮಾಡುವುದೇ ಇಲ್ಲ. ನಮ್ಮಲ್ಲಿ ಎಷ್ಟೋ ಕಡೆ ಪೊಲೀಸರ ಹೊತ್ತು ಹೋಗುವುದು ಮೊದಲನೆಯದರಲ್ಲಿ.

ಸಿಗ್ನಲ್ ಹುಟ್ಟಿದ್ದೇ ಪೊಲೀಸನ ಕೈಗೆ ಬದಲಿಯಾಗಿ ಎಂಬುದನ್ನು ಇಲ್ಲಿ ನೆನೆಯಬಹುದು. 1868ರ ಡಿಸೆಂಬರ್‌ನಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಬಳಿ ನಿಲ್ಲಿಸಿದ ಮೊದಲ ಸಿಗ್ನಲ್ ಕಂಬಕ್ಕೆ ರೈಲ್ವೆಯ ಕೈಮರದಂಥ ತೋಳುಗಳಿದ್ದವು, ರಾತ್ರಿಗೆ ಗ್ಯಾಸ್ ದೀಪ. ಅದನ್ನು ತಿರುಗಿಸಲು ಕೆಳಗೆ ಒಬ್ಬ ಪೊಲೀಸ್ ನಿಂತಿರಲೇಬೇಕಿತ್ತು. ಮರುತಿಂಗಳೇ ಗ್ಯಾಸ್ ಸೋರಿ ಸಿಡಿದು, ನಿಂತಿದ್ದ ಪೊಲೀಸ್ ಗಾಯಗೊಂಡ. 1920ರಲ್ಲಿ ಡೆಟ್ರಾಯಿಟ್‌ನಲ್ಲಿ ನಾಲ್ಕು ದಿಕ್ಕಿಗೂ ಮೂರು ಬಣ್ಣದ ದೀಪ ತೋರಿಸುವ ಸಿಗ್ನಲ್ ಕಟ್ಟಿದ ವಿಲಿಯಂ ಪಾಟ್ಸ್ ಕೂಡ ಪೊಲೀಸ್ ಇಲಾಖೆಯವರೇ. ನೂರು ವರ್ಷ ಕಳೆದ ಮೇಲೂ ನಾವು ಕಂಬದ ಕೆಳಗೆ ಮನುಷ್ಯನನ್ನು ನಿಲ್ಲಿಸಿ ಗುಂಡಿ ಒತ್ತಿಸುತ್ತಿದ್ದೇವೆ.

ಉದ್ದನೆಯ ಗ್ರೀನ್ ಎಂಬ ಭ್ರಮೆ

ಮ್ಯಾನ್ಯುವಲ್‌ಗೆ ಹಾಕುವವರ ತರ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಇದೆ. ದೀಪ ಬದಲಾದಾಗಲೆಲ್ಲ ಒಂದಿಷ್ಟು ಸಮಯ ವ್ಯರ್ಥ. ಗ್ರೀನ್ ಬಿದ್ದ ಮೇಲೆ ಮುಂದಿನ ಗಾಡಿ ಗೇರ್ ಹಾಕಿ ಹೊರಡಲು ಸುಮಾರು ಎರಡು ಸೆಕೆಂಡ್, ಕೊನೆಯಲ್ಲಿ ಅಂಬರ್ ಮತ್ತು ಎಲ್ಲ ಕಡೆಗೂ ಕೆಂಪು ಇರುವ ಹೊತ್ತಿನಲ್ಲಿ ಇನ್ನೆರಡು ಸೆಕೆಂಡ್. ಅಂದರೆ ಒಂದು ಫೇಸಿಗೆ (ಒಂದು ರಸ್ತೆಯ ಗ್ರೀನ್ ಸರದಿಗೆ) ನಾಲ್ಕು ಸೆಕೆಂಡ್, ನಾಲ್ಕು ಫೇಸಿಗೆ ಹದಿನಾರು. ಸೈಕಲ್, ಅಂದರೆ ನಾಲ್ಕೂ ಫೇಸ್ ಒಂದು ಸುತ್ತು ಮುಗಿಯುವ ಹೊತ್ತು, 120 ಸೆಕೆಂಡಿನದಾದರೆ 104 ಸೆಕೆಂಡ್ ಉಪಯೋಗಕ್ಕೆ ಬಂತು, ಶೇ 87. ಅದನ್ನೇ 300 ಸೆಕೆಂಡಿಗೆ ಎಳೆದರೆ 284 ಸೆಕೆಂಡ್, ಶೇ 95. ನೂರಕ್ಕೆ ಎಂಟು ಪಾಲು ಲಾಭವಾಯಿತಲ್ಲ!

ಲಾಭ ಕಾಗದದ ಮೇಲೆ. ಈಗ ಕ್ಯೂ ಎಷ್ಟು ಉದ್ದ ಬೆಳೆಯುತ್ತದೆ ನೋಡಿ. ಎಂಜಿನಿಯರುಗಳು ಎಲ್ಲ ಗಾಡಿಯನ್ನೂ ಕಾರಿನ ಲೆಕ್ಕಕ್ಕೆ ತಂದು ಎಣಿಸುತ್ತಾರೆ: ಬೈಕ್ ಎಂದರೆ ಸುಮಾರು ಅರ್ಧ ಕಾರು, ಬಸ್ ಎಂದರೆ ಎರಡರಿಂದ ಮೂರು. ಮೂರು ಲೇನಿನ, ಅಂದರೆ ಹತ್ತೂವರೆ ಮೀಟರ್ ಅಗಲದ ರಸ್ತೆಗೆ ಗಂಟೆಗೆ 1,200 ‘ಕಾರು’ ಬರುತ್ತಿವೆ ಎನ್ನೋಣ, ಮೂರು ಸೆಕೆಂಡಿಗೆ ಒಂದು. 120 ಸೆಕೆಂಡಿನ ಸೈಕಲ್‌ನಲ್ಲಿ ಈ ರಸ್ತೆಗೆ 30 ಸೆಕೆಂಡ್ ಗ್ರೀನ್, 90 ಸೆಕೆಂಡ್ ರೆಡ್. ರೆಡ್‌ನಲ್ಲಿ 30 ಕಾರು ಸೇರುತ್ತವೆ. ಲೇನಿಗೆ ಹತ್ತು, ಕಾರಿಗೆ ಆರು ಮೀಟರ್‌ನಂತೆ 60 ಮೀಟರ್ ಕ್ಯೂ. ಸೈಕಲ್ 300 ಆದರೆ ರೆಡ್ 225 ಸೆಕೆಂಡ್, ಸೇರುವುದು 75 ಕಾರು, ಕ್ಯೂ 150 ಮೀಟರ್. ಟೌನ್‌ಹಾಲ್, ಕಾರ್ಪೊರೇಷನ್, ಹಡ್ಸನ್ ವೃತ್ತದಂತೆ ಜಂಕ್ಷನ್‌ಗಳು ಕೂಗಳತೆಯಲ್ಲಿ ಇರುವ ಕಡೆ 150 ಮೀಟರ್ ಎಂದರೆ ಹಿಂದಿನ ಜಂಕ್ಷನ್ನಿನ ಬಾಗಿಲಿಗೆ ಬಂತು ಎಂದೇ ಅರ್ಥ. ಇಲ್ಲಿ ಉಳಿಸಿದ ಎಂಟು ಪಾಲು ಅಲ್ಲಿ ಬಡ್ಡಿ ಸಮೇತ ಹೋಯಿತು.

ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಬಹಳಷ್ಟು ರಸ್ತೆಗಳು ಹಿಂದೆ ಎರಡು ಲೇನ್ ಇದ್ದು, ಸ್ಟಾಪ್ ಲೈನ್ ಹತ್ತಿರ ಮಾತ್ರ ಮೂರಾಗುತ್ತವೆ. ಬಲಕ್ಕೆ ತಿರುಗುವವರಿಗೆಂದು ಕೊನೆಯ 60 ಮೀಟರ್ ಅಗಲಿಸಿರುತ್ತಾರೆ. ಆ 60 ಮೀಟರ್‌ನಲ್ಲಿ ಹಿಡಿಯುವುದು ಹತ್ತು ಕಾರು. ಗ್ರೀನ್‌ನಲ್ಲಿ ಒಂದು ಲೇನಿನಿಂದ ಎರಡು ಸೆಕೆಂಡಿಗೊಂದು ಕಾರು ಹೊರಬೀಳುತ್ತದೆ. ಇಪ್ಪತ್ತನೇ ಸೆಕೆಂಡಿಗೆ ಆ ಲೇನ್ ಖಾಲಿ. ಆಮೇಲೆ ಗ್ರೀನ್ ಎಷ್ಟು ಹೊತ್ತು ಇದ್ದರೂ ಬರುವುದು ಹಿಂದಿನ ಎರಡು ಲೇನಿನದು ಮಾತ್ರ. 30 ಸೆಕೆಂಡ್ ಗ್ರೀನ್‌ನಲ್ಲಿ ಮೂರು ಲೇನಿನ ಸಾಮರ್ಥ್ಯದ ಶೇ 89ರಷ್ಟು ಸಿಗುತ್ತದೆ. 75 ಸೆಕೆಂಡ್ ಬಿಟ್ಟರೆ ಶೇ 76ಕ್ಕೆ ಇಳಿಯುತ್ತದೆ. ಎಂಟು ಪಾಲು ಉಳಿಸಲು ಹೋಗಿ ಹದಿಮೂರು ಪಾಲು ಕಳೆದದ್ದಾಯಿತು. ರಸ್ತೆಯಲ್ಲಿ ಗಾಡಿ ಹೋಗುತ್ತಲೇ ಇರುವುದರಿಂದ ನಿಂತವರಿಗೆ ‘ಚೆನ್ನಾಗಿ ಮೂವ್ ಆಗ್ತಿದೆ’ ಅನ್ನಿಸುತ್ತದೆ. ಎಷ್ಟು ಅಗಲದಲ್ಲಿ ಹೋಗುತ್ತಿದೆ ಎಂದು ನೋಡುವವರು ಕಡಿಮೆ.

ಸಿಗ್ನಲ್ ಸಮಯದ ಲೆಕ್ಕಕ್ಕೆ ಇಂದಿಗೂ ಬಳಕೆಯಲ್ಲಿರುವ ಸೂತ್ರ 1958ರಲ್ಲಿ ಬ್ರಿಟನ್ನಿನ ಸಂಚಾರ ಸಂಶೋಧಕ ವೆಬ್‌ಸ್ಟರ್ ಕೊಟ್ಟದ್ದು. ಸೈಕಲ್‌ನಲ್ಲಿ ವ್ಯರ್ಥವಾಗುವ ಸಮಯವನ್ನು ಒಂದೂವರೆಯಿಂದ ಗುಣಿಸಿ, ಐದು ಕೂಡಿಸಿ, ಜಂಕ್ಷನ್ನಿನಲ್ಲಿ ಉಳಿದಿರುವ ಸಾಮರ್ಥ್ಯದ ಪಾಲಿನಿಂದ ಭಾಗಿಸಬೇಕು. 16 ಸೆಕೆಂಡ್ ವ್ಯರ್ಥ, ಮುಕ್ಕಾಲು ಭಾಗ ಭರ್ತಿ ಎಂದರೆ 29 ಭಾಗಿಸು ಕಾಲು, 116 ಸೆಕೆಂಡ್. ಹತ್ತರಲ್ಲಿ ಒಂಬತ್ತು ಪಾಲು ಭರ್ತಿಯಾದರೆ ಅದೇ ಸೂತ್ರ 290 ಎನ್ನುತ್ತದೆ. ಹಾಗಾದರೆ ಪೊಲೀಸರು ಹಿಡಿದ ದಾರಿಯೇ ಸರಿಯಲ್ಲವೇ ಎಂದು ಕೇಳಬಹುದು. ಅಲ್ಲ. ಸೂತ್ರಕ್ಕೆ ಕ್ಯೂ ನಿಲ್ಲಲು ಎಷ್ಟು ಜಾಗವಿದೆ ಎಂಬುದು ಗೊತ್ತಿಲ್ಲ. ಅದಕ್ಕೇ ವಿನ್ಯಾಸ ಮಾಡುವವರು ಸಾಮಾನ್ಯವಾಗಿ 120 ಸೆಕೆಂಡಿಗೆ, ದೊಡ್ಡ ಜಂಕ್ಷನ್ ಆದರೆ 150–180ಕ್ಕೆ ಗೆರೆ ಎಳೆಯುತ್ತಾರೆ. ಅಷ್ಟಕ್ಕೂ ಸಾಲದು ಎಂದರೆ ಸಮಯ ಹಿಗ್ಗಿಸುವುದರಿಂದ ಪ್ರಯೋಜನವಿಲ್ಲ. ಫೇಸ್ ಕಡಿಮೆ ಮಾಡಬೇಕು, ಒಂದು ಬಲತಿರುವು ಮುಚ್ಚಿ ಮುಂದೆ ಯು-ಟರ್ನ್ ಕೊಡಬೇಕು, ಇಲ್ಲವೇ ಹಿಂದೆಯೇ ತಡೆಯಬೇಕು.

ಮ್ಯಾನ್ಯುವಲ್ ಮೋಡ್‌ನಲ್ಲಿ ತಪ್ಪಾಗುವುದಕ್ಕೆ ನಿಂತವರ ದಡ್ಡತನ ಕಾರಣವಲ್ಲ. ಕಣ್ಣಿನ ಎತ್ತರ ಐದೂವರೆ ಅಡಿ, ಎದುರಿಗೆ ಒಂದು ಬಿಎಂಟಿಸಿ ಬಸ್ಸು ನಿಂತರೆ ಅದರ ಹಿಂದೆ ಹತ್ತು ಗಾಡಿ ಇವೆಯೋ ನೂರಿವೆಯೋ ಕಾಣುವುದಿಲ್ಲ. ಕಾಣದ್ದನ್ನು ಕಿವಿಯಿಂದ ಅಳೆಯಬೇಕಾಗುತ್ತದೆ. ಯಾವ ಕಡೆ ಹಾರ್ನ್ ಜೋರೋ ಆ ಕಡೆಗೆ ಗ್ರೀನ್. ಮೇಲಿನಿಂದ ವಾಕಿಟಾಕಿಯಲ್ಲಿ ‘ಏರ್‌ಪೋರ್ಟ್ ಕಡೆ ಕ್ಲಿಯರ್ ಮಾಡ್ರಿ’ ಎಂಬ ಸೂಚನೆ ಬಂದರೆ ಮಿಕ್ಕ ಮೂರು ರಸ್ತೆಯ ಪಾಡು ಕೇಳುವವರಿಲ್ಲ. ಎರಡು ಗಂಟೆ ಹೊಗೆಯಲ್ಲಿ ನಿಂತ ಮೇಲೆ ಮನುಷ್ಯನಿಗೆ ತೊಂಬತ್ತು ಸೆಕೆಂಡ್ ಮತ್ತು ನೂರೈವತ್ತು ಸೆಕೆಂಡಿನ ನಡುವಿನ ವ್ಯತ್ಯಾಸವೂ ತಿಳಿಯದು. ಬ್ಯಾಂಕಾಕ್‌ನಲ್ಲೂ ಪೊಲೀಸರು ಜಂಕ್ಷನ್ ಬಳಿಯ ಗೂಡಿನಲ್ಲಿ ಕೂತು ಕೈಯಾರೆ ದೀಪ ಬದಲಿಸುವ ಪದ್ಧತಿ ಬಹುಕಾಲದಿಂದ ಇದೆ, ಅಲ್ಲಿಯೂ ಉದ್ದನೆಯ ರೆಡ್ ಬಗ್ಗೆ ಇದೇ ಗೊಣಗಾಟ.

ಯಂತ್ರಕ್ಕೆ ಕಾಣದ್ದು

ಈಗ ಇನ್ನೊಂದು ಮಗ್ಗುಲು. ಸಿಗ್ನಲ್‌ಗೆ, ಅದು ಹಳೆಯ ಟೈಮರಿನದಿರಲಿ ಹೊಸ ಕ್ಯಾಮೆರಾದ್ದಿರಲಿ, ಮುಖ್ಯವಾಗಿ ತಿಳಿಯುವುದು ಬರುವವರ ಸುದ್ದಿ. ಹೋಗುವವರು ಹೋಗುವ ಜಾಗ ಖಾಲಿ ಇದೆಯೇ ಎಂಬುದು ಬಹಳಷ್ಟು ಕಡೆ ಅದರ ಲೆಕ್ಕದಲ್ಲೇ ಇಲ್ಲ. ಆಚೆ ಕಡೆಯ ರಸ್ತೆ ತುಂಬಿ ಕ್ಯೂ ಜಂಕ್ಷನ್ನಿನ ಅಂಚಿಗೆ ಬಂದು ನಿಂತಿದ್ದರೂ ಸಮಯಕ್ಕೆ ಸರಿಯಾಗಿ ಗ್ರೀನ್ ಬೀಳುತ್ತದೆ. ಗ್ರೀನ್ ಬಿದ್ದ ಮೇಲೆ ನುಗ್ಗದೆ ಇರುವ ಚಾಲಕ ನಮ್ಮಲ್ಲಿ ಅಪರೂಪ, ಇದ್ದರೂ ಹಿಂದಿನವರು ಬಿಡುವುದಿಲ್ಲ. ಐದಾರು ಕಾರು, ಒಂದು ಬಸ್ಸು ನಡುವೆ ಬಂದು ನಿಲ್ಲುತ್ತವೆ. ರೆಡ್ ಬಿತ್ತು. ಅಡ್ಡ ರಸ್ತೆಗೆ ಗ್ರೀನ್ ಬಂದಾಗ ಅವರಿಗೆ ದಾರಿಯಿಲ್ಲ. ಬೈಕುಗಳು ಸಂದಿಯಲ್ಲಿ ನುಸುಳಿ ಬಸ್ಸಿನ ಮೂಗಿಗೆ ಅಡ್ಡ ನಿಲ್ಲುತ್ತವೆ. ಈಗ ಬಸ್ಸಿಗೂ ಮುಂದೆ ಹೋಗಲಾಗದು. ಹೀಗೆ ಗಂಟು ಬಿದ್ದ ಜಂಕ್ಷನ್ ತಾನಾಗಿ ಬಿಡಿಸಿಕೊಳ್ಳುವುದಿಲ್ಲ, ಯಾವ ಬಣ್ಣದ ದೀಪ ಉರಿದರೂ ವ್ಯತ್ಯಾಸವಿಲ್ಲ.

ಇದನ್ನು ತಡೆಯಲು ಬೇಕಾದದ್ದು ಐದು ಸೆಕೆಂಡಿನ ಒಂದು ಕೆಲಸ. ಆಚೆ ರಸ್ತೆಯ ಕ್ಯೂವಿನ ಬಾಲ ಜಂಕ್ಷನ್ನಿಗೆ ಐದು ಕಾರಿನಷ್ಟು ದೂರದಲ್ಲಿದೆ, ಅಂದರೆ ಮೂವತ್ತು ಮೀಟರ್ ಉಳಿದಿದೆ ಎಂದಾಗಲೇ, ಗ್ರೀನ್ ಇದ್ದರೂ ಸರಿ, ಸ್ಟಾಪ್ ಲೈನಿನ ಮುಂದೆ ಒಬ್ಬರು ಕೈ ಅಡ್ಡ ಹಾಕಬೇಕು. ಮೂವತ್ತು ಮೀಟರ್ ಏಕೆಂದರೆ, ಆಗಲೇ ಜಂಕ್ಷನ್ ಒಳಗೆ ಬಂದಿರುವ ಗಾಡಿಗಳಿಗೆ ಅಲ್ಲಿ ಜಾಗ ಬೇಕು. ಬಾಲ ಅಂಚಿಗೆ ತಾಗುವವರೆಗೆ ಕಾದರೆ ತಡವಾಯಿತು. ನೆಲದ ಮೇಲೆ ಹಳದಿ ಪಟ್ಟೆಯ ಚೌಕ ಬರೆಯುವುದು ಇದಕ್ಕೇ: ಹೊರಹೋಗಲು ಜಾಗವಿಲ್ಲದಿದ್ದರೆ ಒಳಬರಬೇಡ ಎಂದು. ಬಣ್ಣ ಬಳಿದರೆ ಸಾಲದು, ಅದರ ಬಳಿ ಒಬ್ಬರು ನಿಂತಿರಬೇಕು ಎಂಬುದು ನಮ್ಮ ಊರಿನ ಅನುಭವ.

ನಿಲ್ಲುವ ಜಾಗವೂ ಮುಖ್ಯ. ಹಳೆಯ ಚಿತ್ರಗಳಲ್ಲಿ ಪೊಲೀಸ್ ವೃತ್ತದ ನಡುವೆ ಛತ್ರಿಯ ಕೆಳಗೆ ಪೀಠದ ಮೇಲಿರುತ್ತಾನೆ. ಸಿಗ್ನಲ್ ಇಲ್ಲದ ಕಾಲಕ್ಕೆ ಅದು ಸರಿ. ಮುಂದಿನಿಂದ ಬರುವವರಿಗೆ ಬಲಗೈ ಎತ್ತಿ ಅಂಗೈ ತೋರಿಸುವುದು, ಹಿಂದಿನಿಂದ ಬರುವವರಿಗೆ ಎಡಗೈಯನ್ನು ಭುಜದ ಮಟ್ಟಕ್ಕೆ ಪಕ್ಕಕ್ಕೆ ಚಾಚುವುದು, ಈ ಸನ್ನೆಗಳು ನಡುವೆ ನಿಂತವರಿಗಾಗಿ ಮಾಡಿದವು. ಸಿಗ್ನಲ್ ನಡೆಯುತ್ತಿರುವ ಜಂಕ್ಷನ್‌ನಲ್ಲಿ ನಡುವೆ ನಿಂತರೆ ಜೀವಕ್ಕೂ ಅಪಾಯ, ಕೆಲಸಕ್ಕೂ ದೂರ. ತುಂಬುವ ರಸ್ತೆ ಯಾವುದೋ ಅದರ ಬಾಯಲ್ಲಿ, ಒಂದು ಕಣ್ಣು ಆಚೆಯ ಬಾಲದ ಮೇಲೆ, ಒಂದು ಕಣ್ಣು ಸ್ಟಾಪ್ ಲೈನಿನ ಮೇಲೆ ಇರುವಂತೆ ನಿಲ್ಲಬೇಕು. ಒಬ್ಬರೇ ಇದ್ದರೆ ಪೀಕ್ ಅವರ್‌ನಲ್ಲಿ ಯಾವ ರಸ್ತೆ ಮೊದಲು ಕಟ್ಟುತ್ತದೆ ಎಂದು ನೋಡಿ ಅಲ್ಲಿಗೆ. ಬೆಳಗ್ಗೆ ಒಂದು, ಸಂಜೆ ಇನ್ನೊಂದು.

ಫ್ರೀ ಲೆಫ್ಟ್ ಇದಕ್ಕಿಂತ ಚಿಕ್ಕ ವಿಷಯ, ಆದರೆ ಫಲ ಕೂಡಲೇ ಕಾಣುವಂಥದ್ದು. ನೇರ ಹೋಗುವ ಒಂದು ಕಾರು ಎಡತುದಿಗೆ ಬಂದು ನಿಂತರೆ ಹಿಂದಿನ ನಲವತ್ತು ಬೈಕು, ಹತ್ತು ಆಟೋ ಸುಮ್ಮನೆ ಕಾಯುತ್ತವೆ. ತಿರುವಿನ ಮೂಲೆಯಲ್ಲೇ ಗಿರಾಕಿಗಾಗಿ ನಿಂತ ಎರಡು ಆಟೋ, ಅದರ ಮುಂದೆ ಜನ ಹತ್ತಿಸಿಕೊಳ್ಳುವ ಬಸ್ಸು. ಇದಕ್ಕೆ ಇನ್‌ಸ್ಪೆಕ್ಟರ್ ಬೇಕಿಲ್ಲ. ಒಬ್ಬ ಹೋಂ ಗಾರ್ಡ್, ನಾಲ್ಕು ಕೋನ್, ಒಂದು ಸೀಟಿ ಸಾಕು. ಕೋನ್‌ಗಳನ್ನು ಸ್ಟಾಪ್ ಲೈನಿನಿಂದ ಹಿಂದಕ್ಕೆ ಇಪ್ಪತ್ತು ಇಪ್ಪತ್ತೈದು ಮೀಟರ್ ಸಾಲಾಗಿ ಇಟ್ಟರೆ ಎಡಲೇನು ಬೇರೆಯಾಗುತ್ತದೆ. ಐದು ಮೀಟರಿಗೊಂದೇ ಕೋನ್ ಇಟ್ಟರೆ ಬೈಕಿನವರು ಸಂದಿಯಲ್ಲಿ ನುಗ್ಗುತ್ತಾರೆ ಎನ್ನುವುದು ನಿಜ, ಆದರೆ ಕಾರು ನುಗ್ಗುವುದಿಲ್ಲ, ಕಟ್ಟಿ ನಿಲ್ಲುವುದು ಕಾರಿನಿಂದಲೇ.

ಸಿಗ್ನಲ್ಲೇ ಇಲ್ಲದ ಕಡೆ ಮನುಷ್ಯನ ಬೆಲೆ ಇನ್ನೂ ಹೆಚ್ಚು. ಹೆಬ್ಬಾಳವನ್ನು ತೆಗೆದುಕೊಳ್ಳಿ. ಏರ್‌ಪೋರ್ಟ್ ಕಡೆಯದು, ಹೊರವರ್ತುಲ ರಸ್ತೆಯದು, ಸರ್ವಿಸ್ ರಸ್ತೆಯದು ಎಲ್ಲ ಬಂದು ನಗರದ ಕಡೆಗೆ ಇಕ್ಕಟ್ಟಾದ ಮೇಲ್ಸೇತುವೆಯಲ್ಲಿ ಸೇರಬೇಕು. 2025ರ ಆಗಸ್ಟ್‌ನಲ್ಲಿ ಕೆ.ಆರ್. ಪುರ ಕಡೆಯಿಂದ ಮೇಖ್ರಿ ವೃತ್ತದತ್ತ ಹೋಗುವವರಿಗೆ ಹೊಸ ಲೂಪ್ ತೆರೆಯಿತು. ಆದರೂ ಸೇರುವ ಕಡೆ ಸೇರಲೇಬೇಕಲ್ಲ. ಎರಡು ಹರಿವು ಸಮ ಪ್ರಮಾಣದಲ್ಲಿ ನುಗ್ಗಾಡಿದಾಗ ರಸ್ತೆ ತನ್ನ ಪೂರ್ಣ ಸಾಮರ್ಥ್ಯದಲ್ಲಿ ಹರಿಯುವುದಿಲ್ಲ. ಇಕ್ಕಟ್ಟಿನ ಮುಂದೆ ಕ್ಯೂ ಕಟ್ಟಿದ ಮೇಲೆ ಹೊರಬೀಳುವ ಗಾಡಿಯ ಪ್ರಮಾಣ ಶೇ 5ರಿಂದ 15ರಷ್ಟು ಕುಸಿಯುತ್ತದೆ ಎಂಬುದು ಹಲವು ದೇಶಗಳ ಹೆದ್ದಾರಿಗಳಲ್ಲಿ ಅಳೆದು ಕಂಡ ಸಂಗತಿ. ಪಕ್ಕದ ದಾರಿಯವರನ್ನು ಇಪ್ಪತ್ತು ಸೆಕೆಂಡ್ ಹಿಡಿದು ಗುಂಪಾಗಿ ಬಿಡುವ ಪೊಲೀಸ್ ಈ ಕುಸಿತವನ್ನು ತಡೆಯುತ್ತಾನೆ. ಅಕ್ಕಿ ಚೀಲದ ಬಾಯಿಗೆ ಕೈಹಾಕಿ ಒಂದೇ ಸಮ ಸುರಿಯುವಂತೆ ನೋಡಿಕೊಂಡ ಹಾಗೆ.

ಇದೇ ಕೆಲಸವನ್ನು ಎರಡು ಜಂಕ್ಷನ್ ಸೇರಿ ಮಾಡಿದರೆ ಇನ್ನೂ ಚೆನ್ನ. ಮುಂದಿನ ಜಂಕ್ಷನ್ ಕಟ್ಟಿದೆ ಎಂದು ವಾಕಿಟಾಕಿಯಲ್ಲಿ ತಿಳಿದ ಕೂಡಲೇ ಹಿಂದಿನವರು ಗ್ರೀನ್ ಕಡಿತ ಮಾಡಿ, ಎಲ್ಲಿ ಕ್ಯೂ ನಿಂತರೆ ಯಾರಿಗೂ ಅಡ್ಡಿಯಿಲ್ಲವೋ ಅಂಥ ಉದ್ದನೆಯ ರಸ್ತೆಯಲ್ಲಿ ಗಾಡಿ ಹಿಡಿಯಬೇಕು. ನಿಂತವರಿಗೆ ಕೋಪ ಬರುತ್ತದೆ: ಮುಂದೆ ರಸ್ತೆ ಖಾಲಿ ಕಾಣುತ್ತಿದೆ, ಇವರು ಬಿಡುತ್ತಿಲ್ಲ ಎಂದು. ಆ ಖಾಲಿ ಜಾಗವೇ ಬೇಕಾದದ್ದು ಎಂದು ಅವರಿಗೆ ವಿವರಿಸುವುದು ಕಷ್ಟ. ಇದರಲ್ಲಿ ಕೆಡುವುದು ಒಂದೇ ಕಡೆ. ಎರಡು ಜಂಕ್ಷನ್ ಎರಡು ಠಾಣೆಯ ಸರಹದ್ದಿಗೆ ಸೇರಿದ್ದರೆ ಪ್ರತಿಯೊಬ್ಬರೂ ತಮ್ಮ ಕ್ಯೂವನ್ನು ಪಕ್ಕದವರಿಗೆ ದೂಡಲು ನೋಡುತ್ತಾರೆ.

ಎಐ ಸಿಗ್ನಲ್ ಬಂದ ಮೇಲೆ

2024ರಿಂದ ಬೆಂಗಳೂರಿನಲ್ಲಿ ಹೊಂದಿಕೊಳ್ಳುವ ಸಿಗ್ನಲ್‌ಗಳು ಬರುತ್ತಿವೆ. ಹಡ್ಸನ್ ವೃತ್ತದಲ್ಲಿ ಮೊದಲು ಬಂದ ಈ ವ್ಯವಸ್ಥೆಗೆ ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಶೋಧನಾ ಸಂಸ್ಥೆಯ ಕೋಸಿಕಾಸ್ಟ್ ಎಂಬ ತಂತ್ರಾಂಶ. ಆಗಿನ ಗುರಿ 165 ಜಂಕ್ಷನ್, ಅದರಲ್ಲಿ 136 ಹಳೆಯವನ್ನು ಮೇಲ್ದರ್ಜೆಗೆ ಏರಿಸಿದ್ದು, 29 ಹೊಸದು. ಮೂರು ಮೋಡ್‌ಗಳಿವೆ. ಬರುವ ಗಾಡಿ ನೋಡಿ ಆ ಜಂಕ್ಷನ್ ಮಟ್ಟದಲ್ಲೇ ಗ್ರೀನ್ ಹಿಗ್ಗಿಸಿ ಕುಗ್ಗಿಸುವುದು ಒಂದು, ಸಾಲಾಗಿರುವ ಜಂಕ್ಷನ್‌ಗಳನ್ನು ಒಟ್ಟಾಗಿ ಹೊಂದಿಸುವುದು ಇನ್ನೊಂದು, ಮ್ಯಾನ್ಯುವಲ್ ಮೂರನೆಯದು. ಗಾಡಿ ಇಲ್ಲದ ರಸ್ತೆಗೆ ಸುಮ್ಮನೆ ಗ್ರೀನ್ ಉರಿಯುವ ಹಳೆಯ ಕಾಯಿಲೆಗೆ ಇದು ಒಳ್ಳೆಯ ಮದ್ದು. ಮಧ್ಯಾಹ್ನ, ರಾತ್ರಿ, ಭಾನುವಾರಗಳಲ್ಲಿ ಕಾಯುವ ಹೊತ್ತು ನಿಜಕ್ಕೂ ಕಡಿಮೆಯಾಗುತ್ತದೆ.

ಆದರೆ ನಾಲ್ಕೂ ರಸ್ತೆ ಒಟ್ಟಿಗೆ ತುಂಬಿದಾಗ ಈ ಜಾಣ ಸಿಗ್ನಲ್ಲಿಗೂ ಹಂಚಲು ಏನೂ ಉಳಿದಿರುವುದಿಲ್ಲ. ಎಲ್ಲ ಕಡೆಯೂ ಗರಿಷ್ಠ ಗ್ರೀನ್ ಕೇಳುತ್ತದೆ, ಕೊನೆಗೆ ಅದು ಹಳೆಯ ಟೈಮರಿನಂತೆಯೇ ನಡೆಯುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಪೊಲೀಸರು ಅದನ್ನು ಮ್ಯಾನ್ಯುವಲ್‌ಗೆ ಹಾಕುತ್ತಾರೆ. ಒಂದು ಜಂಕ್ಷನ್ ಕೈಗೆ ಹೋದರೆ ಸಾಲಿನ ಹೊಂದಾಣಿಕೆಯೂ ಹೋಯಿತು, ಏಕೆಂದರೆ ಪಕ್ಕದ ಜಂಕ್ಷನ್ ಯಾವಾಗ ಎಷ್ಟು ಗಾಡಿ ಬರುತ್ತದೆಂದು ಊಹಿಸಿತ್ತೋ ಅದು ಬರುವುದಿಲ್ಲ. ಕೋಟಿಗಟ್ಟಲೆ ಕೊಟ್ಟು ಕಟ್ಟಿದ ವ್ಯವಸ್ಥೆಯ ಲಾಭ ಅತ್ಯಗತ್ಯವಾದ ಎರಡು ಗಂಟೆಯಲ್ಲೇ ಕೈಬಿಟ್ಟಂತೆ.

ಹಾಗೆಂದು ಆ ಗುಂಡಿಗೆ ಬೀಗ ಹಾಕಬೇಕೆಂದಲ್ಲ. ಆಂಬುಲೆನ್ಸ್ ಬಂದಾಗ, ಅಂಗಾಂಗ ಸಾಗಣೆಗೆ ‘ಜೀರೋ ಟ್ರಾಫಿಕ್’ ಮಾಡಬೇಕಾದಾಗ, ಗಾಡಿ ಕೆಟ್ಟು ಒಂದು ಲೇನ್ ಮುಚ್ಚಿದಾಗ, ಪ್ರತಿಭಟನೆಯ ದಿನ ಕೈಗೆ ತೆಗೆದುಕೊಳ್ಳಲೇಬೇಕು. ಕೈಗೆ ತೆಗೆದುಕೊಂಡ ಮೇಲೆ ಪಾಲಿಸಬೇಕಾದದ್ದು ಹೆಚ್ಚಿಲ್ಲ. ಫೇಸಿನ ಸರದಿ ಬದಲಿಸಬಾರದು, ಏಕೆಂದರೆ ಮುಂದೆ ತಮ್ಮ ಸರದಿ ಎಂದು ಕ್ಲಚ್ ಒತ್ತಿ ಕೂತವರು ದೀಪ ನೋಡದೆಯೇ ಹೊರಡುತ್ತಾರೆ. ಗ್ರೀನ್ ಅರವತ್ತು, ಹೆಚ್ಚೆಂದರೆ ಎಪ್ಪತ್ತು ಸೆಕೆಂಡ್ ದಾಟಬಾರದು, ಕೈಗಡಿಯಾರ ನೋಡಿಯೇ ಬಿಡಬೇಕು, ಅಂದಾಜಿಗಲ್ಲ. ದೀಪ ಒಂದು ಹೇಳಿ ಕೈ ಇನ್ನೊಂದು ಹೇಳಬಾರದು.

ಈ ಕೊನೆಯದು ಈಗ ಹಣದ ಪ್ರಶ್ನೆಯೂ ಹೌದು. ಮೋಟಾರು ವಾಹನ ಕಾಯ್ದೆಯ 119ನೇ ಕಲಂ ಪ್ರಕಾರ ಚಾಲಕ ದೀಪದ ಸೂಚನೆಯನ್ನೂ ಪಾಲಿಸಬೇಕು, ಸಂಚಾರ ನಿಯಂತ್ರಿಸುತ್ತಿರುವ ಪೊಲೀಸ್ ಅಧಿಕಾರಿಯ ಸೂಚನೆಯನ್ನೂ ಪಾಲಿಸಬೇಕು. ಎದುರಿಗೆ ನಿಂತವರು ‘ಬಾ ಬಾ’ ಎಂದು ಕೈ ಬೀಸಿದರೆ ಕೆಂಪಿದ್ದರೂ ಹೋಗುವುದೇ ಸರಿ. ಆದರೆ 2022ರ ಡಿಸೆಂಬರ್‌ನಲ್ಲಿ ನಗರದ 50 ಜಂಕ್ಷನ್‌ಗಳಲ್ಲಿ ಅಳವಡಿಸಿದ ವ್ಯವಸ್ಥೆಯಲ್ಲಿ 250 ನಂಬರ್‌ಪ್ಲೇಟ್ ಓದುವ ಕ್ಯಾಮೆರಾ, 80 ಸಿಗ್ನಲ್ ಜಂಪ್ ಹಿಡಿಯುವ ಕ್ಯಾಮೆರಾಗಳಿವೆ. ಅವಕ್ಕೆ ಕೆಂಪು ದೀಪ ಕಾಣುತ್ತದೆ, ಬೀಸಿದ ಕೈ ಕಾಣುವುದಿಲ್ಲ. 500 ರೂಪಾಯಿಯ ನೋಟಿಸು ಬಂದ ಮೇಲೆ ‘ಪೊಲೀಸರೇ ಬಿಟ್ಟರು’ ಎಂದು ಸಾಬೀತು ಮಾಡುವ ಹೊರೆ ಗಾಡಿಯವರದು. ಕೈ ಬೀಸುವ ಬದಲು ಪ್ಯಾನಲ್ಲಿನಲ್ಲಿ ಗುಂಡಿ ಒತ್ತಿ ಗ್ರೀನ್ ಹಾಕಿದರೆ ಈ ತಕರಾರೇ ಇರುವುದಿಲ್ಲ.

ಪಾದಚಾರಿಗಳ ಗೋಳು ಇನ್ನೊಂದು. ಮ್ಯಾನ್ಯುವಲ್‌ಗೆ ಹೋದಾಗ ಮೊದಲು ಬಲಿಯಾಗುವುದು ಅವರ ಫೇಸ್. ಸೆಕೆಂಡಿಗೆ 1.2 ಮೀಟರ್ ನಡಿಗೆಯಲ್ಲಿ ಹದಿನಾಲ್ಕು ಮೀಟರ್ ರಸ್ತೆ ದಾಟಲು ಹನ್ನೆರಡು ಸೆಕೆಂಡ್ ಬೇಕು, ವಯಸ್ಸಾದವರಿಗೆ ಹದಿನೆಂಟು. ನಾಲ್ಕು ನಿಮಿಷದ ಸೈಕಲ್‌ನಲ್ಲಿ ಕಾದು ಕಾದು ತಾಳ್ಮೆ ಕೆಟ್ಟ ಗುಂಪು ಕೈ ಅಡ್ಡ ಹಿಡಿದು ನುಗ್ಗಿಬಿಡುತ್ತದೆ. ಶಾಲೆ ಬಿಡುವ ಹೊತ್ತಿಗೆ ಜೀಬ್ರಾ ಕ್ರಾಸಿನ ಮುಂದೆ ನಿಂತು ಇಪ್ಪತ್ತು ಸೆಕೆಂಡ್ ಗಾಡಿ ಹಿಡಿಯುವ ವಾರ್ಡನ್‌ನಷ್ಟು ಸಾರ್ಥಕವಾಗಿ ಹೊತ್ತು ಕಳೆಯುವವರು ಇಡೀ ಇಲಾಖೆಯಲ್ಲಿ ಕಡಿಮೆ.

ಮಳೆಯ ಸಂಜೆಗಳಲ್ಲಂತೂ ಚರ್ಚೆಯೇ ಬೇಕಿಲ್ಲ. ಕರೆಂಟು ಹೋಗಿ ದೀಪವೇ ಆರಿರುತ್ತದೆ, ಅಥವಾ ಮರ ಬಿದ್ದಿರುತ್ತದೆ, ಅಂಡರ್‌ಪಾಸ್ ತುಂಬಿರುತ್ತದೆ. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ನಿಂತ ನೀರಿಗೆ ಕಾರು ಇಳಿದು ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ನೀರು ಎಷ್ಟು ಆಳವಿದೆ ಎಂದು ಚಾಲಕನಿಗೆ ಮೇಲಿನಿಂದ ತಿಳಿಯುವುದಿಲ್ಲ. ಬಾಯಿಗೆ ಅಡ್ಡ ನಿಂತು ಹಿಂದಕ್ಕೆ ಕಳಿಸುವ ಮನುಷ್ಯನಿಗೆ ಸಮನಾದ ಯಂತ್ರ ಸದ್ಯಕ್ಕೆ ಇಲ್ಲ.

ಇರುವಿಕೆಯೂ ಒಂದು ಕೆಲಸ

2019ರ ಕೊನೆಯಲ್ಲಿ ಬೆಂಗಳೂರು ಸಂಚಾರ ಪೊಲೀಸರು ಕೆಲವು ಜಂಕ್ಷನ್‌ಗಳಲ್ಲಿ ಸಮವಸ್ತ್ರ ತೊಡಿಸಿದ ಬೊಂಬೆಗಳನ್ನು ನಿಲ್ಲಿಸಿದ್ದರು. ಬಟ್ಟೆ ಅಂಗಡಿಯ ಬೊಂಬೆಗೆ ಟೋಪಿ, ರಿಫ್ಲೆಕ್ಟರ್ ಜಾಕೆಟ್, ಕಪ್ಪು ಕನ್ನಡಕ. ನಗೆಪಾಟಲಿಗೂ ಈಡಾಯಿತು. ಆದರೆ ಅದರ ಹಿಂದಿನ ಎಣಿಕೆ ಸುಳ್ಳಲ್ಲ. ದೂರದಿಂದ ಬಿಳಿ ಅಂಗಿ ಕಂಡರೆ ಕೈ ತಾನಾಗಿ ಹೆಲ್ಮೆಟ್ ಪಟ್ಟಿಗೆ ಹೋಗುತ್ತದೆ, ಚಕ್ರ ಸ್ಟಾಪ್ ಲೈನಿನ ಹಿಂದೆ ನಿಲ್ಲುತ್ತದೆ. ಬೊಂಬೆ ಎಂದು ಗೊತ್ತಾಗುವವರೆಗೆ ಮಾತ್ರ ಅಷ್ಟು ಮರ್ಯಾದೆ. ನಿಜವಾದ ಪೊಲೀಸ್ ಕೂಡ ಮೊಬೈಲ್ ನೋಡುತ್ತ ನಿಂತರೆ ಹತ್ತು ನಿಮಿಷದಲ್ಲಿ ಬೊಂಬೆಯ ಮಟ್ಟಕ್ಕೆ ಇಳಿಯುತ್ತಾನೆ.

ಇರುವಿಕೆ ಎಂಬುದು ಗಾಡಿ ತಡೆದು ದಂಡ ಹಾಕುವುದರ ಜೊತೆ ಬೆರೆತಾಗ ಮಾತ್ರ ಕಿರಿಕಿರಿ. ಜಂಕ್ಷನ್ ದಾಟಿ ಇಪ್ಪತ್ತು ಮೀಟರ್ ಆಚೆ, ಮರದ ಮರೆಯಲ್ಲಿ ನಿಂತು ಗಾಡಿಗೆ ಅಡ್ಡ ಬಂದರೆ, ಹೊರಹೋಗುವ ರಸ್ತೆಯ ಒಂದು ಲೇನ್ ಅಲ್ಲೇ ಮುಚ್ಚಿತು. ಖಾಲಿ ಇರಬೇಕಾದ ಮೂವತ್ತು ಮೀಟರ್ ಎಂದೆವಲ್ಲ, ಸರಿಯಾಗಿ ಅದೇ ಜಾಗ. 2022ರ ಜೂನ್‌ನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಬರಿಗಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ನೋಡಲು ಗಾಡಿ ನಿಲ್ಲಿಸಬಾರದು ಎಂದು ಸೂಚಿಸಿದ್ದರಲ್ಲಿ ಜನರ ಕಿರುಕುಳದ ದೂರಷ್ಟೇ ಇದ್ದಂತೆ ಕಂಡರೂ, ರಸ್ತೆಯ ಲೆಕ್ಕವೂ ಅದರಲ್ಲಿತ್ತು. ಅದೇ ನವೆಂಬರ್‌ನಲ್ಲಿ ನಗರಕ್ಕೆ ಸಂಚಾರ ವಿಭಾಗದ ವಿಶೇಷ ಕಮಿಷನರ್ ಎಂಬ ಹೊಸ ಹುದ್ದೆಯೂ ಬಂತು, ಮೊದಲು ಬಂದವರು ಎಂ.ಎ. ಸಲೀಂ. ದಂಡ ಹಾಕುವುದು ಕ್ಯಾಮೆರಾ ಪಾಲಿಗೆ, ಹರಿವು ನೋಡುವುದು ಮನುಷ್ಯರ ಪಾಲಿಗೆ ಎಂಬ ಹಂಚಿಕೆ ಆಮೇಲೆ ನಿಧಾನವಾಗಿ ಗಟ್ಟಿಯಾಗುತ್ತಿದೆ.

ಜನಬಲದ ಲೆಕ್ಕ ಹಾಕಿದರೆ ಈ ಹಂಚಿಕೆ ಏಕೆ ಅನಿವಾರ್ಯ ಎಂದು ತಿಳಿಯುತ್ತದೆ. ಹೊಸ ಸಿಗ್ನಲ್‌ಗೆ ಗುರಿಯಿಟ್ಟ 165 ಜಂಕ್ಷನ್‌ಗಳಲ್ಲಿ ರಸ್ತೆಗೊಬ್ಬರಂತೆ ನಾಲ್ಕು ಜನ, ಎರಡು ಪಾಳಿ ಎಂದರೆ 1,320 ಜನ. ವಾರದ ರಜೆ, ಕಾಯಿಲೆ, ಬಂದೋಬಸ್ತ್, ಕೋರ್ಟು ಕೆಲಸ ಸೇರಿಸಿದರೆ ಹದಿನೇಳು ನೂರು ದಾಟುತ್ತದೆ. ನಗರದಲ್ಲಿ ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿವೆ, ಜಂಕ್ಷನ್‌ಗಳು 165 ಮಾತ್ರ ಅಲ್ಲ. ಎಲ್ಲ ಕಡೆ ನಿಲ್ಲಿಸುವಷ್ಟು ಜನ ಎಂದೂ ಸಿಗುವುದಿಲ್ಲ. ಆದ್ದರಿಂದ ಒಂದು ಠಾಣೆಗೆ ಸಂಜೆ ಆರು ಜನ ಸಿಕ್ಕರೆ ಆರು ಜಂಕ್ಷನ್‌ಗೆ ಒಬ್ಬೊಬ್ಬರನ್ನು ಹಂಚುವುದಕ್ಕಿಂತ, ಕಟ್ಟಿಕೊಳ್ಳುವ ಎರಡು ಜಂಕ್ಷನ್‌ನ ಹೊರದಾರಿಗಳಲ್ಲಿ ನಾಲ್ವರನ್ನು ನಿಲ್ಲಿಸಿ, ಇಬ್ಬರನ್ನು ಬೈಕಿನಲ್ಲಿ ಬಿಡುವುದು ಲೇಸು. ಕೆಟ್ಟು ನಿಂತ ಬಸ್ಸು, ಅಡ್ಡ ನಿಂತ ನೀರಿನ ಟ್ಯಾಂಕರ್, ಎರಡು ಸಾಲು ಪಾರ್ಕಿಂಗ್, ಡಿಕ್ಕಿಯಾದ ಮೇಲೆ ನಡುರಸ್ತೆಯಲ್ಲೇ ವಾದಕ್ಕೆ ನಿಂತ ಎರಡು ಕಾರು, ಇವೆಲ್ಲ ಜಂಕ್ಷನ್ನಿನಲ್ಲೇ ಆಗುವುದಿಲ್ಲ. ಇನ್ನೂರು ಮೀಟರ್ ಆಚೆ ಆಗಿ ಜಂಕ್ಷನ್ನಿಗೆ ಬಂದು ಮುಟ್ಟುತ್ತವೆ. ಹತ್ತು ನಿಮಿಷದಲ್ಲಿ ಅಲ್ಲಿಗೆ ತಲುಪಿದರೆ ಕೆಲಸ ಮುಗಿಯಿತು, ನಲವತ್ತು ನಿಮಿಷವಾದರೆ ಆ ಸಂಜೆ ಅಲ್ಲಿಗೆ ಮುಗಿಯಿತು.

ಬೆಳಗ್ಗೆಯಿಂದ ನಿಂತವರ ಶ್ವಾಸಕೋಶ, ಕಿವಿ, ಮೊಣಕಾಲಿನ ಸ್ಥಿತಿಯನ್ನೂ ಈ ಲೆಕ್ಕದಲ್ಲಿ ಸೇರಿಸಬೇಕು. ಎರಡು ಗಂಟೆಗೊಮ್ಮೆ ಜಾಗ ಬದಲಿಸುವುದು ದಯೆಯ ಮಾತಲ್ಲ. ದಣಿದವರು ನಿಂತಲ್ಲೇ ನಿಂತು ಸೀಟಿ ಊದುತ್ತಾರೆ, ಸೀಟಿಗೆ ಈ ಊರಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಇನ್ನು ಪಾಳಿ ಮುಗಿಸಿ ಹೊರಡುವಾಗಿನ ಒಂದು ಚಿಕ್ಕ ಸಂಗತಿ. ಡಬ್ಬಿಯ ಸ್ವಿಚ್ಚನ್ನು ಆಟೋಗೆ ತಿರುಗಿಸದೆ ಬಾಗಿಲು ಹಾಕಿಬಿಟ್ಟರೆ, ಸಿಗ್ನಲ್ ಕೊನೆಗೆ ಒತ್ತಿದ ಫೇಸ್‌ನಲ್ಲೇ ನಿಂತುಬಿಡುತ್ತದೆ. ಕೆಲವು ಕಂಟ್ರೋಲರ್‌ಗಳಲ್ಲಿ ಇಂತಿಷ್ಟು ನಿಮಿಷ ಗುಂಡಿ ಮುಟ್ಟದಿದ್ದರೆ ತಾನಾಗಿ ಆಟೋಗೆ ಮರಳುವಂತೆ ಹೊಂದಿಸಬಹುದು. ಆ ಸೌಲಭ್ಯ ಇಲ್ಲದ ಅಥವಾ ಹೊಂದಿಸದ ಕಡೆ, ರಾತ್ರಿ ಹತ್ತೂವರೆಗೆ ಖಾಲಿ ರಸ್ತೆಯಲ್ಲಿ ಮುಗಿಯದ ಕೆಂಪಿನ ಮುಂದೆ ನಿಂತ ಆಟೋದವರು ಎಡಕ್ಕೆ ಬಲಕ್ಕೆ ಒಮ್ಮೆ ನೋಡಿ, ಡಬ್ಬಿಯ ಬಳಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹೊರಟುಬಿಡುತ್ತಾರೆ.